ಶಿಂಗಲ್ಸ್ ಮಾಡಿಗೆ ವಯಸ್ಸಾಗಿದೆಯೋ, ಪೆಟ್ಟಾಗಿದೆಯೋ? ಕೊಡಗಿನ ಮನೆಯವರು ನೋಡಿಕೊಳ್ಳುವ ಬಗೆ

ಹೋದ ವರ್ಷ ಕಾವೇರಿ ಸಂಕ್ರಮಣ ಕಳೆದ ಮೇಲೆ ಒಬ್ಬ ಕಂಟ್ರಾಕ್ಟರ್ ನಮ್ಮ ಗೇಟಿನ ಹತ್ತಿರ ನಿಂತಿದ್ದ. ನಾನು ಕರೆದವನಲ್ಲ. ಪಕ್ಕದ ಹೋಂಸ್ಟೇ ಕೆಲಸಕ್ಕೆ ಬಂದವನು ಹಾಗೇ ನಮ್ಮ ಮಾಡಿನ ಕಡೆ, ಅಂದರೆ ಹೆಂಚಿನ ಬದಲು ಡಾಂಬರಿನ ಶಿಂಗಲ್ಸ್ ಹಾಳೆ ಹೊದಿಸಿದ ಛಾವಣಿಯ ಕಡೆ, ಕತ್ತೆತ್ತಿ ನೋಡಿದ. "ಅಕ್ಕಾ, ನಿಮ್ಮ ಶಿಂಗಲ್ಸ್ ಪೂರಾ ಹೋಗಿದೆ. ಹೆಂಗೆ ಕಪ್ಪಾಗಿದೆ ನೋಡಿ. ಇನ್ನೊಂದು ಮಳೆಗಾಲ ತಡೆಯಲ್ಲ" ಎಂದ. ಕಿತ್ತು ಹೊಸದು ಹಾಕುವ ರೇಟನ್ನೂ ಅಲ್ಲೇ ಹೇಳಿದ. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡು ದಿನ ಬಿಟ್ಟು ಏಣಿ ಹಾಕಿ ನೋಡಿದೆವು. ಅವನು ತೋರಿಸಿದ ಕಪ್ಪು ಗೆರೆ ಬರೀ ಪಾಚಿ. ಆದರೆ ಅವನ ಕಣ್ಣಿಗೆ ಬೀಳದ ಪಶ್ಚಿಮದ ಅಂಚಿನಲ್ಲಿ ಮೂರು ಹಾಳೆ ಗಾಳಿಗೆ ಮಡಚಿ ಸೀಳಿದ್ದವು. ಕೆಳಗಿನಿಂದ ನೋಡಿದರೆ ಅವು ಹೊಸದರ ಹಾಗೆ ಕಾಣುತ್ತಿದ್ದವು. ಹೆದರಬೇಕಾದ್ದು ಒಂದು ಕಡೆ, ನಾವು ಹೆದರಿದ್ದು ಇನ್ನೊಂದು ಕಡೆ.

ಮಂಗಳೂರು ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಶಿಂಗಲ್ಸ್ ಸ್ವಲ್ಪ ಗೊಂದಲವೇ. ಹೆಂಚು ಒಡೆದರೆ ಅಟ್ಟದಿಂದ ಬೆಳಕು ಕಾಣುತ್ತದೆ, ಕೋಲಿನಲ್ಲಿ ಸರಿಸಿ ಬೇರೆ ಇಟ್ಟರೆ ಆಯ್ತು. ಶಿಂಗಲ್ಸ್ ಹಾಗಲ್ಲ. ಚೆನ್ನಾಗಿರುವಾಗಲೂ ಹಾಳಾದ ಹಾಗೆ ಕಾಣಬಹುದು, ಹಾಳಾಗಿದ್ದರೂ ಚೆನ್ನಾಗಿ ಕಾಣಬಹುದು. ಹನ್ನೆರಡು ಮಳೆಗಾಲ ಈ ಮಾಡಿನ ಕೆಳಗೆ ಕಳೆದ ಮೇಲೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾಳೆಯ ಒಳಗೆ ಏನಿದೆ

ಇದು ಗೊತ್ತಿದ್ದರೆ ಉಳಿದದ್ದು ಸುಲಭ. ಒಂದು ಶಿಂಗಲ್ ಹಾಳೆಯ ನಡುವೆ ಫೈಬರ್‌ಗ್ಲಾಸ್ ಚಾಪೆ ಇರುತ್ತದೆ, ಅಂದರೆ ಗಾಜಿನ ನೂಲಿನದು. ಅದರ ಎರಡೂ ಕಡೆ ಡಾಂಬರು. ಮೇಲ್ಗಡೆ ಒತ್ತಿ ಕೂರಿಸಿದ ಬಣ್ಣದ ಕಲ್ಲಿನ ತರಿ. ಪಾಪುಟ್ಟಿಗೆ ಅಕ್ಕಿ ಒಡೆದು ತರಿ ಮಾಡುತ್ತೇವಲ್ಲ, ಹೆಚ್ಚುಕಮ್ಮಿ ಅದೇ ಗಾತ್ರ. ನೀರು ತಡೆಯುವುದು ಡಾಂಬರು. ಆ ಡಾಂಬರನ್ನು ಬಿಸಿಲಿನಿಂದ ಕಾಯುವುದು ತರಿ. ಎರಡನ್ನೂ ಹಿಡಿದುಕೊಂಡಿರುವುದು ಚಾಪೆ.

ಇವಲ್ಲದೆ ಹಾಳೆಯಲ್ಲಿ ಅಡ್ಡಕ್ಕೆ ಒಂದು ಅಂಟಿನ ಪಟ್ಟಿ ಇರುತ್ತದೆ. ಮಾಡು ಬಿಸಿಲಿಗೆ ಕಾದಾಗ ಅದು ಮೆತ್ತಗಾಗಿ ಮೇಲಿನ ಹಾಳೆಯನ್ನು ಕೆಳಗಿನದಕ್ಕೆ ಹಿಡಿಸುತ್ತದೆ. ಈ ಅಂಟಿನ ಮಾತು ಮುಂದೆ ಮತ್ತೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಅರ್ಧ ತಂಟೆ ಅದರದ್ದೇ.

ವಯಸ್ಸು ಎಂದರೆ ತರಿ ನಿಧಾನವಾಗಿ ಉದುರುವುದು, ಡಾಂಬರಿನ ಎಣ್ಣೆ ಅಂಶ ಆರಿ ಗಟ್ಟಿಯಾಗುವುದು. ಅದು ಒಂದು ಮಗ್ಗುಲು ಪೂರ್ತಿ ಒಂದೇ ಥರ ಆಗುತ್ತದೆ. ಪೆಟ್ಟು ಹಾಗಲ್ಲ. ಅದು ಒಂದು ಜಾಗದಲ್ಲಿ ಇರುತ್ತದೆ, ಪಕ್ಕದ ಹಾಳೆ ನೆಟ್ಟಗಿರುತ್ತದೆ. ಅಲ್ಲೇ ಹತ್ತಿರ ಕಾರಣವೂ ಸಿಗುತ್ತದೆ: ಮೇಲೊಂದು ಸಿಲ್ವರ್ ಓಕ್ ಮರದ ಕೊಂಬೆ, ಗಾಳಿ ಬರುವ ದಿಕ್ಕು, ಡಿಶ್ ಹಾಕಲು ಬಂದವನ ಕಾಲು. ಮಾಡಿನ ಮೇಲೆ ಏನೇ ಕಂಡರೂ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದು ಎಲ್ಲ ಕಡೆ ಇದೆಯಾ, ಇಲ್ಲೊಂದೇ ಕಡೆಯಾ?

ಯಾವಾಗ ನೋಡಬೇಕು

ವರ್ಷಕ್ಕೆ ಎರಡು ಸಲ ಸಾಕು. ಒಂದು, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲು, ಏಪ್ರಿಲ್ ಇಲ್ಲವೇ ಮೇ ಮೊದಲ ವಾರ. ಇನ್ನೊಂದು, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣಕ್ಕೂ ನಮ್ಮ ಸುಗ್ಗಿ ಹಬ್ಬ ಪುತ್ತರಿಗೂ ನಡುವೆ. ಕಾಫಿ ಕುಯ್ಲು ಶುರುವಾದರೆ ಆಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ, ಅಲ್ವಾ.

ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಹತ್ತಿ. ತುಂಬ ಚಳಿಯಿದ್ದರೆ ಹಳೇ ಹಾಳೆ ಎತ್ತಿದೊಡನೆ ಮುರಿಯುತ್ತದೆ. ಮಾರ್ಚ್ ಮಧ್ಯಾಹ್ನ ಹತ್ತಿದರೆ ಡಾಂಬರು ಮೆತ್ತಗಾಗಿ ನಿಮ್ಮ ಚಪ್ಪಲಿಯೇ ತರಿ ಕಿತ್ತು ಹಾಕುತ್ತದೆ. ಮಳೆಗಾಲದಲ್ಲಿ ಹತ್ತುವ ಮಾತೇ ಬೇಡ. ಹಾವಸೆ ಹಿಡಿದ ಮಾಡು ಸೋಪು ಹಚ್ಚಿದ ಕಲ್ಲಿಗಿಂತ ಕಡೆ.

ಏಣಿಯ ವಿಷಯ ಚುಟುಕಾಗಿ: 4 ಅಡಿ ಎತ್ತರಕ್ಕೆ 1 ಅಡಿ ಲೆಕ್ಕದಲ್ಲಿ ಬುಡ ಹೊರಗೆ ಇರಲಿ. ತುದಿ ಸೂರಿಗಿಂತ 3 ಅಡಿ ಮೇಲೆ ಹೋಗಲಿ. ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಕರೆಂಟ್ ವಯರು ಎಲ್ಲಿದೆ ಎಂದು ಮೊದಲೇ ನೋಡಿ. ಅಲ್ಯೂಮಿನಿಯಂ ಏಣಿಯಿಂದ ತೋಟಗಳಲ್ಲಿ ಎಷ್ಟು ಅನಾಹುತ ಆಗಿದೆ ಎಂದು ನಾನು ಹೇಳಬೇಕಾಗಿಲ್ಲ.

ಹೆಜ್ಜೆ 1: ಮೊದಲು ಕಣದಲ್ಲಿ ನಿಂತು ನೋಡಿ

ಏಣಿ ಆಮೇಲೆ. ಕಾಫಿ ಒಣಗಿಸುವ ಕಣದಿಂದಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಬೆಳಗ್ಗೆ ಎಂಟು ಗಂಟೆ ಇಲ್ಲವೇ ಸಂಜೆ ಐದರ ಓರೆ ಬಿಸಿಲು ಒಳ್ಳೆಯದು. ಎದ್ದ ಅಂಚು, ಉಬ್ಬಿದ ಮೊಳೆ, ಎಲ್ಲದರ ನೆರಳೂ ಉದ್ದವಾಗಿ ಬೀಳುತ್ತದೆ. ಹಕ್ಕಿ ನೋಡುವ ಬೈನಾಕ್ಯುಲರ್ ಇದ್ದರೆ ಇದಕ್ಕೂ ಆಗುತ್ತದೆ. ಇಲ್ಲದಿದ್ದರೆ ಮೊಬೈಲ್‌ನಲ್ಲಿ ಝೂಮ್ ಮಾಡಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಸಾಲುಗಳು ನೆಟ್ಟಗಿವೆಯಾ ನೋಡಿ. ಮಾಡಿನ ನೆತ್ತಿ ಮನೆಯ ಪಕ್ಕದಿಂದ ನೋಡಿದಾಗ ದಾರ ಎಳೆದ ಹಾಗಿರಬೇಕು. ಜೋತಿದ್ದರೆ ತೊಂದರೆ ಶಿಂಗಲ್ಸ್‌ದಲ್ಲ, ಕೆಳಗಿನ ಪ್ಲೈವುಡ್‌ದೋ ಕಬ್ಬಿಣದ ಕಟ್ಟಿನದೋ. ಅದಕ್ಕೆ ಬೇರೆಯವರನ್ನೇ ಕರೆಯಬೇಕು.

ಅಂದಹಾಗೆ ನಿಮ್ಮ ಶಿಂಗಲ್ಸ್ ಯಾವುದರ ಮೇಲೆ ಕೂತಿದೆ ಎಂದು ಗೊತ್ತಿರಲಿ. ನಮ್ಮ ಕಡೆ ಎರಡು ಥರ ಇದೆ. ಇಳಿಜಾರು ಕಾಂಕ್ರೀಟ್ ಸ್ಲ್ಯಾಬ್ ಮೇಲೆ ಹಾಕಿದ್ದು ಒಂದು. ಕಬ್ಬಿಣದ ಕಟ್ಟಿನ ಮೇಲೆ ಪ್ಲೈವುಡ್ ಅಥವಾ ಸಿಮೆಂಟ್ ಬೋರ್ಡ್ ಹಾಸಿ ಅದರ ಮೇಲೆ ಹೊಡೆದದ್ದು ಇನ್ನೊಂದು. ಸ್ಲ್ಯಾಬ್ ಇದ್ದರೆ ಶಿಂಗಲ್ಸ್ ಸೀಳಿದರೂ ಬಹಳ ದಿನ ಮನೆಯೊಳಗೆ ಸುಳಿವು ಸಿಗುವುದಿಲ್ಲ. ನೀರು ಹಾಳೆಯ ಅಡಿಯಲ್ಲೇ ಹರಿದು ಸ್ಲ್ಯಾಬ್‌ನಲ್ಲಿ ಬಿರುಕು ಎಲ್ಲಿದೆಯೋ ಅಲ್ಲಿ ಇಳಿಯುತ್ತದೆ. ಹಾಲ್‌ನಲ್ಲಿ ಸೋರಿದರೆ ತೂತು ಅಡುಗೆಮನೆಯ ಮೇಲೆ ಇರಬಹುದು. ಪ್ಲೈವುಡ್ ಆದರೆ ಬೇಗ ಗೊತ್ತಾಗುತ್ತದೆ, ಆದರೆ ಬೇಗ ಕೊಳೆಯುತ್ತದೆ ಕೂಡ.

ಹೆಜ್ಜೆ 2: ದೋಣಿಯಲ್ಲಿ ಕೈ ಹಾಕಿ

ಸೂರಿನ ದೋಣಿಯಲ್ಲಿ, ಅಂದರೆ ಮಾಡಿನ ನೀರು ಹಿಡಿಯುವ ಕಾಲುವೆಯಲ್ಲಿ, ಸಿಲ್ವರ್ ಎಲೆಯ ಕೆಳಗೆ ಕಪ್ಪು ಮರಳಿನಂಥದ್ದು ಸಿಗುತ್ತದೆ. ಅದೇ ತರಿ. ಅದನ್ನು ಕಂಡು ಹೌಹಾರಬೇಡಿ.

ಹೊಸ ಮಾಡಾದರೆ ಮೊದಲ ವರ್ಷ ಬೊಗಸೆಗಟ್ಟಲೆ ಬರುತ್ತದೆ. ಫ್ಯಾಕ್ಟರಿಯಲ್ಲಿ ಸ್ವಲ್ಪ ಜಾಸ್ತಿಯೇ ಹಾಕಿರುತ್ತಾರೆ, ಹಿಡಿಯದೇ ಉಳಿದದ್ದು ಮೊದಲ ಮಳೆಗೆ ತೊಳೆದು ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಕಮ್ಮಿ. ವಯಸ್ಸಾಗುತ್ತಾ ಮತ್ತೆ ನಿಧಾನಕ್ಕೆ ಜಾಸ್ತಿ. ಇದು ಸಹಜ. ಅನುಮಾನ ಪಡಬೇಕಾದ್ದು ಎರಡು ಸಂದರ್ಭದಲ್ಲಿ: ಒಂದೇ ಮಳೆಯ ಮಾರನೇ ದಿನ ಇದ್ದಕ್ಕಿದ್ದಂತೆ ರಾಶಿ ಬಂದರೆ, ಅಥವಾ ಒಂದೇ ಪೈಪಿನ ಬಾಯಲ್ಲಿ ಬಿದ್ದು ಉಳಿದ ಪೈಪುಗಳು ಖಾಲಿ ಇದ್ದರೆ.

ನಮ್ಮಲ್ಲಿ ಎರಡನೆಯದೇ ಆಗಿತ್ತು. ಮಹಡಿಯ ಮಾಡಿನ ನೀರು ಒಂದು ಪೈಪಿನಲ್ಲಿ ಇಳಿದು ಕೆಳಗಿನ ವರಾಂಡದ ಮಾಡಿಗೆ ನೇರವಾಗಿ ಬೀಳುತ್ತಿತ್ತು. ನಮ್ಮ ಕೊಡಗಿನ ಬೆಟ್ಟಗೇರಿ ಕಡೆಯ ಮಳೆ ಎಂದರೆ ಗೊತ್ತಲ್ಲ, ದಿನಕ್ಕೆ ಐದಾರು ಇಂಚು ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ಅಷ್ಟೂ ನೀರು ಒಂದು ಅಂಗೈ ಅಗಲದ ಜಾಗಕ್ಕೆ. ಆರು ವರ್ಷದಲ್ಲಿ ಅಲ್ಲಿಂದ ಸೂರಿನವರೆಗೆ ಒಂದು ಕಾಲುದಾರಿ ಬಿದ್ದಿತ್ತು. ತರಿ ಇಲ್ಲ, ಡಾಂಬರು ಮಿರಮಿರ ಹೊಳೆಯುತ್ತಿದೆ, ನಡುವೆ ಗಾಜಿನ ನೂಲು ಬೂದಿ ಬಣ್ಣಕ್ಕೆ ಎದ್ದಿದೆ. ಎರಡೂ ಕಡೆ ಹಾಳೆ ಹೊಸದರ ಹಾಗಿದೆ. ಇದನ್ನು ಯಾರಾದರೂ ವಯಸ್ಸು ಎನ್ನಲಾದೀತೇ? ಪೈಪನ್ನು ಕೆಳಗಿನ ದೋಣಿಯವರೆಗೆ ಉದ್ದ ಮಾಡಿದ್ದರೆ ಮುಗಿಯುತ್ತಿತ್ತು. ನಿಮ್ಮ ಮನೆಯಲ್ಲಿ ಎರಡು ಮಟ್ಟದ ಮಾಡಿದ್ದರೆ ಇವತ್ತೇ ಹೋಗಿ ಇದೊಂದನ್ನು ನೋಡಿ.

ಹೆಜ್ಜೆ 3: ಕಪ್ಪು, ಹಸಿರು, ಬೂದಿ

ಬಣ್ಣ ಮಾಸುವುದು ವಯಸ್ಸು, ಅದರ ಚಿಂತೆ ಬಿಡಿ. ಉಳಿದವನ್ನು ಬೇರೆ ಬೇರೆ ಮಾಡಿ ನೋಡಬೇಕು.

ನೆತ್ತಿಯಿಂದ ಸೂರಿಗೆ ಇಳಿಯುವ ಕಪ್ಪು ಗೆರೆಗಳು ಒಂದು ಸೂಕ್ಷ್ಮಜೀವಿಯ ಕೆಲಸ. ಹೆಸರು ಗ್ಲಿಯೋಕ್ಯಾಪ್ಸಾ ಮ್ಯಾಗ್ಮಾ. ಡಾಂಬರಿಗೆ ಬೆರೆಸುವ ಸುಣ್ಣಕಲ್ಲಿನ ಪುಡಿ ಅದಕ್ಕೆ ಊಟ, ನಮ್ಮ ತೇವ ಅದಕ್ಕೆ ಸ್ವರ್ಗ. ನೋಡಲು ಅಸಹ್ಯ, ಆದರೆ ಸೋರಿಕೆಗೂ ಅದಕ್ಕೂ ಸಂಬಂಧ ಇಲ್ಲ. ಆ ಕಂಟ್ರಾಕ್ಟರ್ ನನ್ನನ್ನು ಹೆದರಿಸಿದ್ದು ಇದರಿಂದಲೇ. ಒಂದು ತಮಾಷೆ ನೋಡಿ: ಚಿಮಣಿಯ ಸುತ್ತ ಸತುವು ಲೇಪದ ತಗಡು ಇದ್ದರೆ ಅದರ ಕೆಳಗೆ ಮಾತ್ರ ಒಂದು ಪಟ್ಟೆ ಮೊದಲಿನ ಬಣ್ಣದಲ್ಲೇ ಉಳಿದಿರುತ್ತದೆ. ತಗಡಿನ ಮೇಲಿಂದ ಇಳಿಯುವ ನೀರಿನಲ್ಲಿರುವ ಸತುವು ಪಾಚಿಯನ್ನು ಬೆಳೆಯಗೊಡುವುದಿಲ್ಲ. ನೆತ್ತಿಯ ಕೆಳಗೆ ಸತುವಿನ ಪಟ್ಟಿ ಹಾಕುವುದು ಇದೇ ಕಾರಣಕ್ಕೆ. ತಾಮ್ರದ ಪಟ್ಟಿಯೂ ಆಗುತ್ತದೆ, ಆದರೆ ನಿಮ್ಮ ದೋಣಿ ತಗಡಿನದೋ ಅಲ್ಯೂಮಿನಿಯಂದೋ ಆದರೆ ಬೇಡ. ತಾಮ್ರದ ನೀರು ಅದನ್ನು ತಿನ್ನುತ್ತದೆ.

ತೊಳೆಯಲೇಬೇಕು ಅನ್ನಿಸಿದರೆ ಬ್ಲೀಚ್ ದ್ರಾವಣ ಮತ್ತು ನೀರು ಸಮಸಮ ಬೆರೆಸಿ, ಸಣ್ಣ ಸ್ಪ್ರೇಯರ್‌ನಲ್ಲಿ ಹೊಡೆದು, ಕಾಲು ಗಂಟೆ ಬಿಟ್ಟು ಪೈಪಿನ ನೀರಿನಲ್ಲಿ ತೊಳೆಯಿರಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಬೇರೆ ಯಾವ ಕ್ಲೀನರನ್ನೂ ಇದಕ್ಕೆ ಸೇರಿಸಬೇಡಿ. ಸೂರಿನ ಕೆಳಗಿನ ಕಾಫಿ ಗಿಡ, ಒಳ್ಳೆಮೆಣಸಿನ ಬಳ್ಳಿಗೆ ಮೊದಲೂ ಆಮೇಲೂ ಚೆನ್ನಾಗಿ ನೀರು ಹಾಕಿ. ಮಾಡಿನ ನೀರು ಬಾವಿಗೋ ಟ್ಯಾಂಕಿಗೋ ಹೋಗುತ್ತಿದ್ದರೆ ಆ ದಿನ ಪೈಪು ಬೇರೆ ಕಡೆ ತಿರುಗಿಸಿ.

ಪ್ರೆಶರ್ ವಾಷರ್ ಮಾತ್ರ ಹಿಡಿಯಬೇಡಿ. ಜೀಪು ತೊಳೆಯುವ ಮೆಷಿನ್ ಇದೆ ಅಂತ ಸುಮ್ನೆ ಮಾಡಿಗೂ ತಿರುಗಿಸಿದವರನ್ನು ನೋಡಿದ್ದೇನೆ. ಮಾಡು ಫಳಫಳ ಹೊಳೆಯಿತು, ದೋಣಿ ತುಂಬ ತರಿ. ಹತ್ತು ವರ್ಷದ ಸವೆತವನ್ನು ಒಂದೇ ಬೆಳಗ್ಗೆ ಮುಗಿಸಿಬಿಟ್ಟರು. ತೋಟಕ್ಕೆ ತಂದ ಮೈಲುತುತ್ತು ಉಳಿದಿದೆ ಎಂದು ಅದನ್ನು ಹೊಡೆಯುವುದೂ ಬೇಡ. ಆ ನೀರು ತಗಡಿನ ದೋಣಿಗೆ ತೂತು ಹಾಕುತ್ತದೆ.

ಹಸಿರು ಮೆತ್ತೆಯಂತೆ ಬೆಳೆಯುವ ಹಾವಸೆ ಬೇರೆ. ಅದು ಬರೀ ಬಣ್ಣ ಅಲ್ಲ. ಸ್ಪಂಜಿನ ಹಾಗೆ ನೀರು ಹಿಡಿದುಕೊಂಡು ಹಾಳೆಯ ಅಂಚಿನಡಿಗೆ ನುಗ್ಗುತ್ತದೆ, ನಿಧಾನಕ್ಕೆ ಅಂಚು ಎತ್ತುತ್ತದೆ. ಗಾಳಿಮಳೆಗೆ ಆ ಎದ್ದ ಅಂಚೇ ಬಾಗಿಲು. ಮರದ ನೆರಳಿರುವ ಮಗ್ಗುಲಲ್ಲೇ ಇದು ಜಾಸ್ತಿ. ಮೊದಲು ಅದೇ ಬ್ಲೀಚ್ ನೀರು ಹೊಡೆದು ಒಣಗಲು ಬಿಡಿ, ಆಮೇಲೆ ಮೆತ್ತನೆ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ. ಕೆಳಗಿನಿಂದ ಮೇಲಕ್ಕೆ ಕೆರೆದರೆ ಹಾಳೆಯೇ ಎದ್ದು ಬರುತ್ತದೆ. ಮರ ಕಪಾತು ಮಾಡುವ ಸಮಯದಲ್ಲಿ ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನೂ ಇಳಿಸಿಬಿಡಿ. ಬಿಸಿಲು ಬಿದ್ದರೆ ಅರ್ಧ ಹಾವಸೆ ತಾನೇ ಒಣಗುತ್ತದೆ.

ಬೂದಿ ಬಣ್ಣದ ಚಕ್ಕೆಗಳು ಕಲ್ಲುಹೂವು, ಮಸಾಲೆಗೆ ಹಾಕುತ್ತೇವಲ್ಲ ಅದರ ಬಳಗ. ಅದನ್ನು ಕೀಳಲು ಹೋಗಬೇಡಿ. ತರಿಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಕಿತ್ತರೆ ತರಿಯೂ ಜೊತೆಗೇ ಬರುತ್ತದೆ. ಅದೇ ಬ್ಲೀಚ್ ನೀರು ಹೊಡೆದು ಬಿಟ್ಟರೆ ಸತ್ತು ಉದುರುತ್ತದೆ.

ಹೆಜ್ಜೆ 4: ಗಾಳಿಯ ಗಾಯ

ಕೊಡಗಿನಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಅಂಟಿನ ಪಟ್ಟಿ ಹಿಡಿಯಲು ಬಿಸಿಲು ಬೇಕು ಎಂದೆನಲ್ಲ. ಮೇ ಕೊನೆಯಲ್ಲಿ ಅವಸರಕ್ಕೆ ಮಾಡು ಮುಗಿಸಿದರೆ ಅಂಟು ಕಾಯುವ ಮೊದಲೇ ಮಳೆ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಮಾಡು ಕಾಯುವಷ್ಟು ಬಿಸಿಲು ಎಲ್ಲಿದೆ? ಅಷ್ಟರಲ್ಲಿ ಅಂಟಿನ ಮೇಲೆ ಧೂಳು, ತೇವ ಕೂತಿರುತ್ತದೆ. ಆಮೇಲೆ ಬಿಸಿಲು ಬಂದರೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಶಿಂಗಲ್ಸ್ ಹಾಕುವ ಕೆಲಸ ಮಾರ್ಚ್ ಒಳಗೆ ಮುಗಿಯಬೇಕು ಎಂದು ನಾನು ಎಲ್ಲರಿಗೂ ಹೇಳುವುದು.

ಹಿಡಿಯದ ಹಾಳೆ ಗಾಳಿಗೆ ಏಳುತ್ತದೆ, ಬೀಳುತ್ತದೆ. ಒಂದು ದಿನ ಪೂರ್ತಿ ಹಿಂದಕ್ಕೆ ಮಡಚಿ ಮತ್ತೆ ತನ್ನ ಜಾಗಕ್ಕೆ ಬೀಳುತ್ತದೆ. ಕೆಳಗಿನಿಂದ ನೋಡಿದರೆ ಏನೂ ಆಗಿಲ್ಲ. ಹತ್ತಿರ ಹೋಗಿ ಓರೆಯಾಗಿ ನೋಡಿ. ಮೇಲಿನ ಹಾಳೆಯ ಅಂಚಿನಿಂದ ಸ್ವಲ್ಪ ಕೆಳಗೆ ಅಡ್ಡಕ್ಕೆ ಒಂದು ತೆಳು ಗೆರೆ ಕಾಣುತ್ತದೆ, ಕಾಗದ ಮಡಚಿ ಬಿಡಿಸಿದ ಗುರುತಿನ ಹಾಗೆ. ಗೆರೆಯುದ್ದಕ್ಕೂ ತರಿ ಉದುರಿರುತ್ತದೆ. ನಮ್ಮ ಪಶ್ಚಿಮದ ಅಂಚಿನ ಆ ಮೂರು ಹಾಳೆಗಳಲ್ಲಿ ಗೆರೆ ಅಗಲವಾಗಿ ಗಾಜಿನ ನೂಲು ಹೊರಗೆ ಬಂದಿತ್ತು. ಬೆರಳಿಟ್ಟರೆ ಚುಚ್ಚುತ್ತಿತ್ತು. ಆ ಗೆರೆ ಇದ್ದರೆ ಹಾಳೆ ಮುರಿದ ಹಾಗೇ ಲೆಕ್ಕ. ಅದನ್ನು ಬದಲಾಯಿಸಲೇಬೇಕು, ಅಂಟಿಸಿ ಪ್ರಯೋಜನ ಇಲ್ಲ.

ಗೆರೆ ಇಲ್ಲ, ಬರೀ ಅಂಟು ಬಿಟ್ಟಿದೆ ಎಂದರೆ ಕೈಯಲ್ಲೇ ಸರಿಮಾಡಬಹುದು. ಅಂಚಿನ ಕೆಳಗೆ ಎರಡು ಬೆರಳು ಇಟ್ಟು ಮೆಲ್ಲಗೆ ಎತ್ತಿ ನೋಡಿ, ಎಳೆಯಬೇಡಿ. ಸುಲಭವಾಗಿ ಎದ್ದರೆ ಅಡಿಯ ಧೂಳು ಒರೆಸಿ, ಹತ್ತು ರೂಪಾಯಿ ನಾಣ್ಯದಷ್ಟು ಡಾಂಬರು ಅಂಟನ್ನು ಮೂರ್ನಾಲ್ಕು ಕಡೆ ಇಟ್ಟು ಒತ್ತಿ. ಜಾಸ್ತಿ ಬಳಿಯಬೇಡಿ, ದಪ್ಪ ಅಂಟು ಹಾಳೆಯನ್ನೇ ಉಬ್ಬಿಸುತ್ತದೆ. ಒಂದು ಸಾಲಿನಲ್ಲಿ ಒಂದು ಬಿಟ್ಟಿದ್ದರೆ ಆ ಮಗ್ಗುಲಿನ ಎಲ್ಲ ಸಾಲನ್ನೂ ಹೀಗೆ ಮುಟ್ಟಿ ನೋಡಿ. ನೈರುತ್ಯ ಗಾಳಿಗೆ ಎದುರಾದ ಅಂಚು, ಮೂಲೆ, ನೆತ್ತಿಯ ಹಾಳೆಗಳನ್ನು ಮೊದಲು ನೋಡಿ.

ಮಂಗ ಕೂಡ ಅಂಚು ಕೀಳುತ್ತದೆ. ಅದರ ಗುರುತು ಬೇರೆ: ಗೆರೆ ಇರುವುದಿಲ್ಲ, ಮೂಲೆ ಹರಿದಿರುತ್ತದೆ. ಪಕ್ಕದಲ್ಲಿ ಹಾರಲು ಅನುಕೂಲವಾದ ಕೊಂಬೆ ಇದ್ದೇ ಇರುತ್ತದೆ.

ಹೆಜ್ಜೆ 5: ಗುಳ್ಳೆಯೋ, ಆಲಿಕಲ್ಲೋ, ಕಾಲಿನ ಗುರುತೋ

ಹೂಮಳೆಯ ಜೊತೆ ಒಮ್ಮೊಮ್ಮೆ ಆಲಿಕಲ್ಲು ಬೀಳುತ್ತದೆ. ಕಾಫಿ ಹಣ್ಣಿನ ಗಾತ್ರದ್ದಾದರೆ ಒಳ್ಳೆ ಸ್ಥಿತಿಯ ಶಿಂಗಲ್ಸ್‌ಗೆ ಏನೂ ಆಗುವುದಿಲ್ಲ. ಸುಲಿದ ಅಡಿಕೆಯಷ್ಟು, ಅಂದರೆ ಸುಮಾರು ಒಂದು ಇಂಚು ದಾಟಿದರೆ ಹತ್ತಿ ನೋಡುವುದು ಒಳ್ಳೆಯದು.

ಆಲಿಕಲ್ಲಿನ ಪೆಟ್ಟು ದುಂಡಗಿರುತ್ತದೆ, ಅಲ್ಲೊಂದು ಇಲ್ಲೊಂದು ಚೆಲ್ಲಾಪಿಲ್ಲಿ. ತರಿ ಒಳಕ್ಕೆ ಕುಸಿದಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ, ಬಿದ್ದು ಜಜ್ಜಿದ ಸೀಬೆಹಣ್ಣಿನ ಹಾಗೆ. ಒಳಗಿನ ಚಾಪೆ ಒಡೆದಿದೆ ಎಂದು ಅರ್ಥ. ಹೊಸ ಪೆಟ್ಟಿನಲ್ಲಿ ಡಾಂಬರು ಕಪ್ಪಗೆ ಹೊಳೆಯುತ್ತದೆ, ಹಳೆಯದರಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಸಾಕ್ಷಿ ಬೇಕಾದರೆ ತಗಡು ನೋಡಿ. ದೋಣಿ, ಚಿಮಣಿಯ ಟೋಪಿ, ನಿಲ್ಲಿಸಿದ್ದ ಜೀಪಿನ ಬಾನೆಟ್, ಇವುಗಳಲ್ಲಿ ಒಂದೂ ತಗ್ಗು ಇಲ್ಲ ಎಂದರೆ ಮಾಡಿನ ಮೇಲಿನ ಗುರುತು ಆಲಿಕಲ್ಲಿನದ್ದಲ್ಲ.

ಗುಳ್ಳೆ ಬೇರೆ. ಹಾಳೆ ತಯಾರಾಗುವಾಗ ಒಳಗೆ ಸಿಕ್ಕಿಕೊಂಡ ತೇವ ಬಿಸಿಲಿಗೆ ಉಬ್ಬುತ್ತದೆ, ಹಂಚಿನ ಮೇಲೆ ಅಕ್ಕಿರೊಟ್ಟಿ ಉಬ್ಬುವ ಹಾಗೆ. ಸಣ್ಣ ಗುಳ್ಳೆ, ಒಂದರ ಪಕ್ಕ ಒಂದು. ಒಡೆದರೆ ಅಂಚು ಕಡಿದಾದ ಪುಟ್ಟ ಕುಳಿ ಉಳಿಯುತ್ತದೆ. ಒತ್ತಿದರೆ ಗಟ್ಟಿ. ಇದನ್ನೇ ಆಲಿಕಲ್ಲು ಎಂದು ಮಾರುವವರು ಇದ್ದಾರೆ. ಒಡೆಯದ ಗುಳ್ಳೆಯನ್ನು ಹಾಗೇ ಬಿಡಿ, ಆಸೆಗೆ ಒಡೆಯಬೇಡಿ. ಅಲ್ಲೊಂದು ಇಲ್ಲೊಂದು ಒಡೆದದ್ದಕ್ಕೂ ಏನೂ ಮಾಡಬೇಕಾಗಿಲ್ಲ. ಕುಳಿಯಲ್ಲಿ ನೂಲು ಕಂಡರೆ ಮಾತ್ರ ಒಂದು ಹನಿ ಡಾಂಬರು ಅಂಟು.

ಕಾಲಿನ ಗುರುತು ಉದ್ದಕ್ಕೆ ಉಜ್ಜಿದ ಹಾಗಿರುತ್ತದೆ, ಯಾವಾಗಲೂ ಎಲ್ಲಿಗೋ ಹೋಗುತ್ತಿರುತ್ತದೆ: ಏಣಿ ಇಟ್ಟ ಜಾಗದಿಂದ ಸೋಲಾರ್ ಹೀಟರಿಗೆ, ಇಲ್ಲವೇ ಡಿಶ್‌ಗೆ. ಬಿದ್ದ ಕೊಂಬೆಯ ಗೀರು ಇಳಿಜಾರಿನಲ್ಲಿ ಕೆಳಮುಖವಾಗಿರುತ್ತದೆ, ಶುರುವಾದ ಕಡೆ ಒಂದು ಆಳವಾದ ಗಾಯ ಇರುತ್ತದೆ. ಆ ಆಳದ ಜಾಗದಲ್ಲಿ ತೂತು ಇದೆಯಾ ಎಂದು ಮುಟ್ಟಿಯೇ ನೋಡಬೇಕು.

ಹೆಜ್ಜೆ 6: ಬಿರುಕು, ಸುರುಳಿ, ಅಲೆ

ಕೊಯ್ಲಾದ ಗದ್ದೆ ಬಿಸಿಲಿಗೆ ಬಿರಿದ ಹಾಗೆ ಮೈತುಂಬ ಕೂದಲೆಳೆ ಬಿರುಕು ಇದ್ದರೆ ವಯಸ್ಸು. ಕುಶಾಲನಗರದ ಕಡೆ ಇದು ಬೇಗ ಕಾಣುತ್ತದೆ. ಅಲ್ಲಿ ಮಡಿಕೇರಿಯ ಅರ್ಧದಷ್ಟೂ ಮಳೆ ಇಲ್ಲ, ಬಿಸಿಲು ಜಾಸ್ತಿ. ನಮ್ಮ ಕಡೆ ಹಾವಸೆ, ಅವರ ಕಡೆ ಬಿರುಕು. ಆದರೆ ಒಂದೇ ಒಂದು ಬಿರುಕು ಹಾಳೆಯ ಆಚೆಯಿಂದ ಈಚೆಗೆ ಸೀಳಿ, ಮೇಲಿನ ಸಾಲಿಗೂ ಮುಂದುವರಿದಿದ್ದರೆ ಅದು ಪೆಟ್ಟು. ಕೆಳಗಿನ ಹಲಗೆ ಅಲುಗಾಡಿರಬೇಕು.

ಅಂಚುಗಳು ಸ್ವಲ್ಪ ಮೇಲಕ್ಕೆ ಸುರುಳಿಯಾಗುವುದು ಹದಿನೈದು ವರ್ಷ ದಾಟಿದ ಮಾಡಿನಲ್ಲಿ ಸಾಮಾನ್ಯ. ಐದು ವರ್ಷದಲ್ಲೇ ಆದರೆ ಮಾಡಿನಡಿಯ ಬಿಸಿಗಾಳಿಗೆ ಹೊರಹೋಗಲು ದಾರಿ ಇಲ್ಲ ಎಂದು ಅರ್ಥ. ಪ್ಲೈವುಡ್ ಮಾಡಿನಲ್ಲಿ ಮೇಲಿನಿಂದ ಕೆಳಕ್ಕೆ ಉದ್ದುದ್ದ ಅಲೆ ಎದ್ದಿದ್ದರೆ ಹಲಗೆ ನೀರು ಕುಡಿದು ಊದಿದೆ. ತಡ ಮಾಡಬೇಡಿ.

ಈ ವಿಷಯದಲ್ಲಿ ಯೂಟ್ಯೂಬ್ ವಿಡಿಯೋಗಳನ್ನು ನೋಡುವಾಗ ಸ್ವಲ್ಪ ಹುಷಾರು. ಹೆಚ್ಚಿನವು ಅಮೆರಿಕದವು. ಅರ್ಧ ವಿಡಿಯೋ ಹಿಮದ ಬಗ್ಗೆಯೇ ಇರುತ್ತದೆ. ದಕ್ಷಿಣದ ಮಗ್ಗುಲು ಮೊದಲು ಸವೆಯುತ್ತದೆ ಎನ್ನುತ್ತಾರೆ. ಅಲ್ಲಿ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಓರೆ, ಅವರಿಗೆ ಅದು ಸರಿ. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಇಲ್ಲಿ ಮಗ್ಗುಲುಗಳ ವ್ಯತ್ಯಾಸ ಮಾಡುವುದು ಗಾಳಿ ಮತ್ತು ಮರದ ನೆರಳು.

ಹೆಜ್ಜೆ 7: ಸಂದುಗಳು, ಮೊಳೆಗಳು

ಹಾಳೆ ಚೆನ್ನಾಗಿದ್ದೂ ಸೋರುವ ಮಾಡಿನಲ್ಲಿ ಕಳ್ಳ ಸಾಮಾನ್ಯವಾಗಿ ಇಲ್ಲೇ ಇರುತ್ತಾನೆ. ಎರಡು ಮಾಡು ಸೇರುವ ವ್ಯಾಲಿಯಲ್ಲಿ ಸಿಲ್ವರ್ ಎಲೆ ಕೂತು ಗೊಬ್ಬರವಾಗಿರುತ್ತದೆ. ನೀರು ತಡೆದು ಪಕ್ಕಕ್ಕೆ ಹಾಳೆಯಡಿಗೆ ಹೋಗುತ್ತದೆ. ಮೇ ತಿಂಗಳಲ್ಲಿ ಬೇರೇನೂ ಮಾಡದಿದ್ದರೂ ವ್ಯಾಲಿ ಗುಡಿಸಿ. ಚಿಮಣಿ ಸುತ್ತಿನ ತಗಡು, ಪೈಪಿನ ರಬ್ಬರ್ ಕಾಲರ್, ಗೋಡೆಗೆ ಮಾಡು ತಾಗುವ ಜಾಗ ನೋಡಿ. ರಬ್ಬರ್ ಬಿರಿಯುವುದು ವಯಸ್ಸೇ, ಆದರೂ ಶಿಂಗಲ್ಸ್‌ಗಿಂತ ಎಷ್ಟೋ ಮೊದಲು ಅದರ ಆಯುಷ್ಯ ಮುಗಿಯುತ್ತದೆ.

ಮೊಳೆಯ ತಲೆ ಕಣ್ಣಿಗೆ ಕಾಣಬಾರದು. ಮೇಲಿನ ಹಾಳೆ ಅದನ್ನು ಮುಚ್ಚಿರಬೇಕು. ಹಾಳೆಯ ನಡುವೆ ಪುಟ್ಟ ಗುಡಾರದಂತೆ ಎದ್ದಿದ್ದರೆ ಒಳಗೆ ಮೊಳೆ ಸಡಿಲವಾಗಿ ಮೇಲೆ ಬಂದಿದೆ. ತುಕ್ಕಿನ ಗೆರೆ ಇಳಿದಿದ್ದರೆ ಅದರ ಮೇಲ್ತುದಿಯಲ್ಲೇ ಮೊಳೆ ಸಿಗುತ್ತದೆ.

ಹೆಜ್ಜೆ 8: ಒಳಗಿನಿಂದ

ಜೋರು ಮಳೆಯ ದಿನ ಟಾರ್ಚ್ ಹಿಡಿದು ಅಟ್ಟಕ್ಕೆ ಹೋಗಿ. ಮರದ ಮೇಲೆ ಉಂಗುರ ಉಂಗುರವಾದ ಕಲೆ ಇದ್ದರೆ ಪ್ರತಿ ಮಳೆಗೂ ಒಂದಿಷ್ಟು ಒದ್ದೆಯಾಗಿ ಒಣಗಿದೆ ಎಂದು ಅರ್ಥ. ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಮುಂದಿನ ಮಳೆಗೆ ಗೆರೆ ದಾಟಿತಾ ಗೊತ್ತಾಗುತ್ತದೆ.

ಡಿಸೆಂಬರ್, ಜನವರಿಯ ಚಳಿ ಬೆಳಗ್ಗೆ ಮಳೆಯೇ ಇಲ್ಲದೆ ಎಲ್ಲ ಮೊಳೆಗಳ ತುದಿಯಲ್ಲೂ ಒಂದೊಂದು ಹನಿ ಕಂಡರೆ ಅದು ಸೋರಿಕೆಯಲ್ಲ, ಒಳಗಿನ ಹಬೆ ತಣಿದು ಹನಿಯಾದದ್ದು. ಬಚ್ಚಲ ಒಲೆಯ ಹಬೆಗೆ ಹೊರದಾರಿ ಮಾಡಿ. ಶಿಂಗಲ್ಸ್ ಮುಟ್ಟಬೇಕಾಗಿಲ್ಲ.

ಈಗ ಏನು ಮಾಡುವುದು

ಕೊನೆಗೆ ಒಂದು ಪರೀಕ್ಷೆ ಇದೆ. ರಿಪೇರಿ ಆಗುವ ಮಾಡೋ, ಬದಲಾಯಿಸುವ ಮಾಡೋ ಎಂದು ತೀರ್ಮಾನ ಮಾಡುವುದು ಇದೇ. ಹಿತವಾದ ಬಿಸಿಲಿರುವಾಗ ಚೆನ್ನಾಗಿ ಕಾಣುವ ಒಂದು ಹಾಳೆಯ ಮೂಲೆಯನ್ನು ಮೆಲ್ಲಗೆ ಎತ್ತಿ. ಬಾಗಿದರೆ ಇನ್ನೂ ಜೀವ ಇದೆ, ಹಾಳಾದವನ್ನು ಮಾತ್ರ ಬದಲಿಸಿ. ಹಪ್ಪಳದಂತೆ ಮುರಿದರೆ ರಿಪೇರಿ ಸಾಧ್ಯವಿಲ್ಲ, ಏಕೆಂದರೆ ಒಂದು ಹಾಳೆ ತೆಗೆಯಲು ಅದರ ಮೇಲಿನ ಎರಡು ಸಾಲನ್ನು ಎತ್ತಲೇಬೇಕು, ಎತ್ತಿದ್ದೆಲ್ಲ ಮುರಿಯುತ್ತಾ ಹೋಗುತ್ತದೆ. ತೆಳು ಒಂಟಿ ಪದರದ ಶಿಂಗಲ್ಸ್ ಈ ಸ್ಥಿತಿಗೆ 15ರಿಂದ 20 ವರ್ಷಕ್ಕೆ ಬರುತ್ತದೆ, ಎರಡು ಪದರದ ದಪ್ಪನೆಯದು ಇನ್ನೂ ಐದಾರು ವರ್ಷ ಜಾಸ್ತಿ ಎಳೆಯುತ್ತದೆ. ಪ್ಯಾಕೆಟ್ ಮೇಲೆ ಬರೆದ ವರ್ಷವನ್ನು ನಂಬಿ ಕೂರಬೇಡಿ.

ಹಾಳೆ ಬದಲಿಸುವ ಕ್ರಮ: ತಂಪು ಹೊತ್ತಿನಲ್ಲಿ ಚಪ್ಪಟೆ ಪಟ್ಟಿಯಿಂದ ಅಂಟು ಬಿಡಿಸಿ. ಹಾಳಾದ ಹಾಳೆಯ ಮೊಳೆ, ಅದರ ತಲೆಯ ಮೂಲಕ ಹಾದ ಮೇಲಿನ ಸಾಲಿನ ಮೊಳೆ, ಎರಡನ್ನೂ ಕೀಳಿ. ಹೊಸದನ್ನು ಒಳಗೆ ಜಾರಿಸಿ. ಹಾಳೆಗೆ 4 ಮೊಳೆ, ಗಾಳಿ ಜೋರಿರುವ ಮಗ್ಗುಲಲ್ಲಿ 6. ಮೊಳೆಯ ತಲೆ ಹಾಳೆಗೆ ಸಮನಾಗಿ ಕೂರಲಿ, ಕತ್ತರಿಸುವಷ್ಟು ಹೊಡೆಯಬೇಡಿ. ಎತ್ತಿದ ಎಲ್ಲ ಅಂಚಿಗೂ ಅಂಟಿನ ಹನಿ ಇಡಿ. ನಮ್ಮ ಮೂರು ಹಾಳೆಗೆ ಮೇಸ್ತ್ರಿಗೆ ಅರ್ಧ ದಿನ ಹಿಡಿಯಿತು. "ಇಷ್ಟಕ್ಕೆ ಪೂರಾ ಕೀಳಿಸೋಕೆ ಹೊರಟಿದ್ರಾ ಅಕ್ಕಾ?" ಎಂದು ನಕ್ಕ.

ವಿಮೆ ಇದ್ದರೆ ಈ ವ್ಯತ್ಯಾಸ ಇನ್ನೂ ಮುಖ್ಯ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ನೆರೆ, ಭೂಕುಸಿತ ಎಲ್ಲ ಸೇರಿದೆ, ಸವೆತ ಮಾತ್ರ ಸೇರಿಲ್ಲ. ಸರ್ವೇಯರ್ ಬಂದಾಗ ಮೊದಲ ಅನುಮಾನವೇ "ಇದು ಹಳೇದಲ್ವಾ?" ಎಂದಿರುತ್ತದೆ. ಮೇ ತಿಂಗಳಲ್ಲಿ ತೆಗೆದ ತಾರೀಕಿರುವ ಫೋಟೋ ಇದ್ದರೆ ನಿಮ್ಮ ಮಾತಿಗೆ ಬೆಲೆ. ಗಾಳಿಮಳೆ ಆದ ಮೇಲೆ ಟಾರ್ಪಾಲು ಹೊದಿಸುವ ಮೊದಲೇ ಮತ್ತೊಂದು ಸಲ ಫೋಟೋ ತೆಗೆಯಿರಿ. ಹೋಂಸ್ಟೇ ನಡೆಸುವವರು ತಮ್ಮ ಪಾಲಿಸಿ ವಾಸದ ಮನೆಯದೋ ವ್ಯಾಪಾರದ್ದೋ ಎಂದು ಓದಿಕೊಳ್ಳಿ.

ಹೊಸ ಮಾಡು ಹಾಕಿಸುವವರು ಒಂದು ಬಂಡಲ್ ಜಾಸ್ತಿ ತರಿಸಿ ಇಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಕೇಳಿದರೆ ಅದೇ ಬಣ್ಣ ಸಿಗುವುದಿಲ್ಲ. ಒಣ ಕೋಣೆಯಲ್ಲಿ ಮಲಗಿಸಿ ಇಡಿ, ಮೇಲೆ ಕಾಫಿ ಮೂಟೆ ಪೇರಿಸಬೇಡಿ, ಹಾಳೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಾವು ಇಟ್ಟುಕೊಂಡಿರಲಿಲ್ಲ. ಕೊನೆಗೆ ಹಿಂದಿನ ಸೌದೆ ಕೊಟ್ಟಿಗೆಯ ಮಾಡಿನಿಂದ ಮೂರು ಹಾಳೆ ಜೋಪಾನವಾಗಿ ಬಿಡಿಸಿ ಮುಂದಿನ ಮಾಡಿಗೆ ಹಾಕಿ, ಬೇರೆ ಬಣ್ಣದ ಹೊಸದನ್ನು ಕೊಟ್ಟಿಗೆಗೆ ಹೊಡೆಸಿದೆವು. ಹಸಿರು ಮಾಡಿನಲ್ಲಿ ಮೂರು ಕೆಂಪು ತೇಪೆ. ಸೌದೆ ತರಲು ಹೋಗುವ ನಮಗೆ ಬಿಟ್ಟರೆ ಇನ್ಯಾರಿಗೂ ಅದು ಕಾಣುವುದಿಲ್ಲ.